ಆಪ್ಟಿಕಲ್ ಫೈಬರ್ ಸಂವೇದಕಗಳಿಂದ ರಸ್ತೆ ಪರೀಕ್ಷೆ: ಹೈದರಾಬಾದ್ ಹೊರವರ್ತುಲ ರಸ್ತೆ

ರಸ್ತೆಯ ಪದರಗಳ ನಡುವೆ ಕೂದಲೆಳೆಯಷ್ಟು ತೆಳುವಾದ ಗಾಜಿನ ತಂತು ಹುದುಗಿಸಿ, ಅದರೊಳಗಿನ ಬೆಳಕಿನ ಬದಲಾವಣೆಯಿಂದ ರಸ್ತೆಯ ಸ್ಥಿತಿ ಅರಿಯುವ ವಿಧಾನವಿದು. ಚಕ್ರ ಹಾದಾಗಲೆಲ್ಲ ಡಾಂಬರು ಪದರ ಬಾಗಿ, ಅದರ ತಳ ಹಿಗ್ಗುತ್ತದೆ. ಇದು ಲಕ್ಷಾಂತರ ಸಲ ಮರುಕಳಿಸಿದಾಗ ತಳದಲ್ಲೇ ಬಿರುಕು ಹುಟ್ಟಿ ಮೇಲೇರುತ್ತದೆ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಐಆರ್‌ಸಿ 37 ಮಾರ್ಗಸೂಚಿ ರಸ್ತೆಯ ದಪ್ಪವನ್ನು ನಿಗದಿ ಮಾಡುವುದೂ ಈ ತಳದ ಹಿಗ್ಗು ಮತ್ತು ಅಡಿಮಣ್ಣಿನ ಕುಗ್ಗಿನ ಲೆಕ್ಕದಿಂದಲೇ. ಕಟ್ಟುವಾಗ ಇಷ್ಟು ಲೆಕ್ಕ ಹಾಕಿ, ಕಟ್ಟಿದ ಮೇಲೆ ಮೇಲ್ಮೈಯನ್ನಷ್ಟೇ ನೋಡುತ್ತ ಕೂತರೆ ಗುಂಡಿ ಬಿದ್ದ ಮೇಲೆಯೇ ರೋಗ ಗೊತ್ತಾಗುವುದು.

ಹೈದರಾಬಾದಿನ ಸುತ್ತ 158 ಕಿ.ಮೀ. ಉದ್ದದ, ಎಂಟು ಲೇನುಗಳ ಹೊರವರ್ತುಲ ರಸ್ತೆಗೆ ಈ ಮಾತು ವಿಶೇಷವಾಗಿ ಸಲ್ಲುತ್ತದೆ. 2023ರಲ್ಲಿ ಅದರ ಟೋಲ್ ವಸೂಲಿ ಮತ್ತು ನಿರ್ವಹಣೆಯನ್ನು 7,380 ಕೋಟಿ ರೂಪಾಯಿಗೆ 30 ವರ್ಷಗಳ ಗುತ್ತಿಗೆಗೆ ಕೊಡಲಾಯಿತು. ಅವಧಿ ಮುಗಿದಾಗ ರಸ್ತೆ ಯಾವ ಸ್ಥಿತಿಯಲ್ಲಿ ಮರಳಿತು, ಸವೆತಕ್ಕೆ ಕಾರಣ ನಿರ್ವಹಣೆಯೋ ಮಿತಿಮೀರಿದ ಹೊರೆಯೋ ಎಂಬ ಪ್ರಶ್ನೆ ಏಳದಿರದು. ಆಕ್ಸಲ್ ಭಾರ ಇಮ್ಮಡಿಯಾದರೆ ಹಾನಿ ಸುಮಾರು ಹದಿನಾರು ಪಟ್ಟಾಗುತ್ತದೆಂದು ಅಮೆರಿಕದ ಇಲಿನಾಯ್‌ನಲ್ಲಿ 1958–60ರಲ್ಲಿ ನಡೆದ ರಸ್ತೆ ಪ್ರಯೋಗ ತೋರಿಸಿಕೊಟ್ಟಿದೆ. ಹಾಗಾಗಿ ವಾಹನಗಳ ಸಂಖ್ಯೆ ಸಾಲದು. ಒಂದೊಂದು ಲಾರಿಯೂ ತಳವನ್ನು ಎಷ್ಟು ಎಳೆಯಿತೆಂಬ ದಾಖಲೆ ಬೇಕು. ಅದನ್ನು ಕೊಡಬಲ್ಲದು 1978ರಲ್ಲಿ ಕೆನಡಾದಲ್ಲಿ ಕೆನ್ ಹಿಲ್ ಮತ್ತು ಸಂಗಡಿಗರು ಕಂಡುಹಿಡಿದ ಫೈಬರ್ ಗ್ರೇಟಿಂಗ್. ತಂತುವಿನ ಒಳತಿರುಳಲ್ಲಿ ಮೂಡಿಸಿದ ಸೂಕ್ಷ್ಮ ಗೆರೆಗಳು ಒಂದೇ ತರಂಗಾಂತರದ ಬೆಳಕನ್ನು ಮರಳಿಸುತ್ತವೆ; ತಂತು ಹಿಗ್ಗಿದರೆ ಆ ತರಂಗಾಂತರವೂ ಹಿಗ್ಗುತ್ತದೆ.

ಬಿಸಿಲಿಗೂ ಆ ತರಂಗಾಂತರ ಬದಲಾಗುತ್ತದಲ್ಲ ಎಂಬ ಆಕ್ಷೇಪ ಸರಿಯಾದುದೇ. 1,550 ನ್ಯಾನೊಮೀಟರ್ ಬಳಿ ಒಂದು ಡಿಗ್ರಿ ಸೆಲ್ಸಿಯಸ್ ಏರಿಕೆ ಅದನ್ನು ಸುಮಾರು 10 ಪಿಕೊಮೀಟರ್ ಸರಿಸುತ್ತದೆ. ಹತ್ತು ಲಕ್ಷದಲ್ಲಿ ಒಂದು ಪಾಲಿನ ಹಿಗ್ಗು ಸರಿಸುವುದು ಸುಮಾರು 1.2 ಪಿಕೊಮೀಟರ್ ಮಾತ್ರ. ಹಾಗಾಗಿ ಪಕ್ಕದಲ್ಲೇ ಸಡಿಲ ನಳಿಕೆಯೊಳಗೆ, ಎಳೆತ ತಗಲದ ಇನ್ನೊಂದು ಗ್ರೇಟಿಂಗ್ ಇಟ್ಟು ತಾಪದ ಪಾಲನ್ನು ಕಳೆಯಬೇಕು. ಬಿಸಿ ಡಾಂಬರು ಮಿಶ್ರಣಕ್ಕೂ ರೋಲರ್‌ಗೂ ಗಾಜು ಉಳಿಯುವುದೇ? ಬರಿಯ ತಂತು ಉಳಿಯದು. ಪಾಲಿಇಮೈಡ್ ಲೇಪಿಸಿ, ಗಾಜುನಾರಿನ ಕಡ್ಡಿಯೊಳಗೆ ಸೇರಿಸಿ, ದಪ್ಪ ಜಲ್ಲಿ ತೆಗೆದ ಮಿಶ್ರಣವನ್ನು ಕೈಯಿಂದಲೇ ಮೇಲೆ ಹರಡಿ, ಮೊದಲು ಕಂಪನವಿಲ್ಲದೆ ರೋಲರ್ ಓಡಿಸಿದರೆ ಉಳಿಯುವ ಸಾಧ್ಯತೆ ಚೆನ್ನಾಗಿದೆ. ಭಾರ ಬೀಳಿಸಿ ತಗ್ಗು ಅಳೆಯುವ ಯಂತ್ರವಿದ್ದೇ ಇದೆ ಎನ್ನುವವರೂ ಉಂಟು. ಆದರೆ ಅದು ಪರೀಕ್ಷೆಯ ದಿನದ ಸ್ಥಿತಿಯನ್ನಷ್ಟೇ ಹೇಳುತ್ತದೆ, ವರ್ಷವಿಡೀ ಹಾದ ಹೊರೆಯನ್ನಲ್ಲ.

ನೀರಿನ ಕೊಳವೆ, ಕೇಬಲ್‌ಗಳಿಗಾಗಿ ಮತ್ತೆ ಮತ್ತೆ ಅಗೆಯುವ ನಗರದ ಒಳರಸ್ತೆಗಳಿಗೆ ಈ ವಿಧಾನ ಒಗ್ಗದು ಎಂಬುದನ್ನು ಒಪ್ಪಲೇಬೇಕು. ಪ್ರವೇಶ ನಿಯಂತ್ರಿತ ಹೊರವರ್ತುಲಕ್ಕೆ ಆ ಕಾಟ ಕಡಿಮೆ. ಅಲ್ಲಿಯೂ ಉದ್ದಕ್ಕೂ ತಂತು ಹಾಸಬೇಕಿಲ್ಲ. ಭಾರಿ ವಾಹನಗಳು ಸಾಗುವ ಎಡಬದಿ ಲೇನುಗಳಲ್ಲಿ, ಚಕ್ರದ ಜಾಡಿನಡಿ, ಡಾಂಬರು ಕೆತ್ತಿ ಮರುಹಾಸುವ ಸಂದರ್ಭದಲ್ಲಿ, ಆಯ್ದ ಕೆಲವು ಕಡೆ ಇಟ್ಟರೆ ಸಾಕು.