ಕೆರೆಯ ಕಡೆಗಿನ ಕಿಟಕಿ

ಬೆಂಗಳೂರಿನಲ್ಲಿ ಕೆರೆ ಕಾಣುವ ಮನೆಯನ್ನು ಅರಸುತ್ತಿರುವಿರಾ? ಹಾಗಾದರೆ ಮೊದಲು ಆ ಊರಿನ ಚರಿತ್ರೆಯನ್ನಿಷ್ಟು ನೋಡಿರಿ.

1537ರಲ್ಲಿ ಕೆಂಪೇಗೌಡರು ಪೇಟೆಯನ್ನು ಕಟ್ಟಿಸಿದರೆಂದು ಪ್ರತೀತಿ. ಅಂದಿನ ಕೆರೆಗಳು ನೋಟಕ್ಕಾಗಿ ಹುಟ್ಟಿದವಲ್ಲ. ದೊಡ್ಡ ಹೊಳೆಯಿಲ್ಲದ ಊರಿಗೆ ಅವೇ ಜೀವನಾಧಾರ. 1898ರ ಪ್ಲೇಗಿನ ತರುವಾಯ ಜನರು ಪೇಟೆಯ ಇಕ್ಕಟ್ಟನ್ನು ತೊರೆದು, ಗಾಳಿಬೆಳಕನ್ನು ಬಯಸಿ ಬಸವನಗುಡಿ, ಮಲ್ಲೇಶ್ವರಗಳಲ್ಲಿ ನೆಲೆಸತೊಡಗಿದರು. ಊರು ಬೆಳೆಯಿತು, ನೀರು ಹಿಂಜರಿಯಿತು. ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ ಇಂದು ಬಸ್ಸುಗಳು ನಿಲ್ಲುತ್ತವೆ. ಸಂಪಂಗಿ ಕೆರೆಯಿದ್ದಲ್ಲಿ ಕಂಠೀರವ ಕ್ರೀಡಾಂಗಣವೆದ್ದಿದೆ. ಅಲ್ಲಿ ಕಿಟಕಿಯನ್ನು ಯಾವ ದಿಕ್ಕಿಗಿಟ್ಟರೇನು?

1882ರ ಸ್ಯಾಂಕಿ ಕೆರೆ ಇನ್ನೂ ಉಳಿದಿದೆ. ಅದರ ದಂಡೆಯಲ್ಲಿ ಮನೆಯಿಲ್ಲದವರೂ ಅಡ್ಡಾಡಿ ಕಣ್ತಣಿಸಿಕೊಳ್ಳುತ್ತಾರೆ. ಮನೆಯನ್ನು ಕ್ರಯಕ್ಕೆ ಕೊಳ್ಳಬಹುದು, ನೋಟವನ್ನಲ್ಲ. ಎಲ್ಲರೂ ಸೇರಿ ಕೆರೆಯನ್ನು ಉಳಿಸಿಕೊಂಡರೆ ಮಾತ್ರ ನಿಮ್ಮ ಕಿಟಕಿಗೆ ನೀರು ಕಂಡೀತು.