ಸಳನ ಹುಲಿಯ ಮುಂದೆ ನಿಂತವರು

ಕೊಬ್ಬರಿ ವ್ಯಾಪಾರದ ನಿಮಿತ್ತ ಅರಸೀಕೆರೆಗೆ ಬರುವ ಪರಸ್ಥಳದ ಸಾಹುಕಾರರನ್ನು ಮಂಡಿಯ ಕೆಲಸ ಮುಗಿದ ಮೇಲೆ ಹಳೇಬೀಡು, ಬೇಲೂರುಗಳಿಗೆ ಕರೆದೊಯ್ಯುವುದು ಈ ಲೇಖಕನಿಗೆ ಬಹುಕಾಲದ ರೂಢಿ. ಮೊದಲು ಊರಿನ ಸಹಸ್ರಕೂಟ ಜಿನಾಲಯದ ದರ್ಶನ. ಕಲಚುರಿಗಳ ದಂಡನಾಯಕನಾಗಿದ್ದು ಬಳಿಕ ವೀರಬಲ್ಲಾಳನ ಆಶ್ರಯ ಪಡೆದ ರೇಚರಸನು 1220ರಲ್ಲಿ ಕಟ್ಟಿಸಿದ ಬಸದಿ ಅದು. ಅನಂತರ ಜಾವಗಲ್ಲಿನ ಮಾರ್ಗವಾಗಿ ಹಳೇಬೀಡು, ಅಲ್ಲಿಂದ ಬೇಲೂರು. ಚೆನ್ನಕೇಶವ ದೇಗುಲದ ಬಾಗಿಲ ಇಕ್ಕೆಲಗಳಲ್ಲಿ ಸಳನು ಮೃಗವನ್ನು ಇರಿಯುತ್ತಿರುವ ಶಿಲ್ಪದೆದುರು ಎಲ್ಲರೂ ನಿಲ್ಲುತ್ತಾರೆ, ಏನಾದರೂ ಒಂದು ಮಾತು ಆಡಿಯೇ ಆಡುತ್ತಾರೆ. ಮೂವತ್ತು ವರ್ಷಗಳಿಂದ ಆ ಮಾತುಗಳನ್ನು ಕೇಳುತ್ತ ಬಂದಿದ್ದೇನೆ.

ಹೆಚ್ಚಿನವರು ಮೆಚ್ಚುವುದು ಧೈರ್ಯವನ್ನು. ಕೆಲವರು ಶಿಲ್ಪಿಯ ಕೈಚಳಕವನ್ನು ಕೊಂಡಾಡುತ್ತಾರೆ. ಒಬ್ಬ ವೃದ್ಧ ಗೃಹಿಣಿ ಮಾತ್ರ ಮೃಗದ ಕಣ್ಣನ್ನೇ ನೋಡುತ್ತಿದ್ದು, “ಪಾಪ, ಅದಕ್ಕೂ ಹಸಿವಿತ್ತೇನೋ” ಎಂದರು. ಮಾರ್ಗದರ್ಶಿಗಳು ಹೇಳುವ ಕಥೆ ಒಂದೇ: ಸೊಸೆವೂರಿನ, ಅಂದರೆ ಇಂದಿನ ಮೂಡಿಗೆರೆ ತಾಲೂಕಿನ ಅಂಗಡಿಯ, ವಾಸಂತಿಕಾದೇವಿಯ ಗುಡಿಯಲ್ಲಿ ಜೈನಮುನಿಯೊಬ್ಬರು ಪಾಠ ಹೇಳುತ್ತಿರಲು ಹುಲಿ ಮೇಲೆ ಬಿದ್ದಿತು, “ಹೊಯ್ ಸಳ” ಎಂದು ಗುರುಗಳು ಕೂಗಿದರು, ಶಿಷ್ಯನು ಹೊಯ್ದನು, ವಂಶಕ್ಕೆ ಹೆಸರಾಯಿತು. ಕಳೆದ ವರ್ಷ ನಮ್ಮ ಮೊಮ್ಮಗಳು ಇದನ್ನು ಕೇಳಿ, “ತಾತ, ನಮ್ಮ ಮುನಿಗಳು ಹೊಡಿ ಅಂದರಾ?” ಎಂದಳು. ಅಷ್ಟು ವರ್ಷ ಕೇಳಿದ ಅಭಿಪ್ರಾಯಗಳಲ್ಲಿ ನನ್ನನ್ನು ನಿರುತ್ತರನನ್ನಾಗಿ ಮಾಡಿದ್ದು ಇದೊಂದೇ.

ಇತಿಹಾಸಕಾರರ ಉತ್ತರ ಸುಲಭವಾಗಿದೆ. ಈ ಕಥೆಯನ್ನು ಹೇಳುವ ಶಾಸನಗಳಲ್ಲಿ ವಿಷ್ಣುವರ್ಧನನ 1117ರ ಬೇಲೂರು ಶಾಸನವೇ ಹಳೆಯದು. ಅದಕ್ಕೂ ಹಿಂದೆ, ಹತ್ತನೆಯ ಶತಮಾನದ ಶಾಸನಗಳಲ್ಲಿ, ಅರೆಕಲ್ಲ, ಮಾರುಗ, ನೃಪಕಾಮ ಎಂಬ ಹೆಸರುಗಳು ದೊರೆಯುತ್ತವೆಯೇ ಹೊರತು ಸಳನ ಸುಳಿವಿಲ್ಲ. ವಿಷ್ಣುವರ್ಧನನು 1116ರ ಸುಮಾರಿಗೆ ಚೋಳರಿಂದ ತಲಕಾಡನ್ನು ಗೆದ್ದನು. ಚೋಳರ ಲಾಂಛನ ಹುಲಿ. ಆದ್ದರಿಂದ ಸಳನ ಕೈಯಲ್ಲಿ ಸತ್ತದ್ದು ಕಾಡಿನ ಹುಲಿಯಲ್ಲ, ಚೋಳರ ಹುಲಿ ಎಂದು ಹಲವರ ಅಭಿಪ್ರಾಯ. ಈ ವಾದ ನಮಗೆ ಅನುಕೂಲವಾಗಿಯೇ ಇದೆ. ಆದರೆ ಅನುಕೂಲವಾದ ಲೆಕ್ಕವನ್ನು ಎರಡು ಸಲ ಕೂಡಿ ನೋಡುವುದು ವ್ಯಾಪಾರಿಯ ಅಭ್ಯಾಸ. ಹುಲಿಯ ಸ್ಥಾನದಲ್ಲಿ ಮನುಷ್ಯರ ಸೈನ್ಯವನ್ನಿಟ್ಟರೆ ಹಿಂಸೆ ಕಡಿಮೆಯಾಯಿತೆನ್ನುವುದು ಹೇಗೆ? ಮೇಲಾಗಿ ಕಥೆಯು ಕಲ್ಪಿತವೇ ಆದರೂ, ಅದನ್ನು ಕಲ್ಪಿಸಿದವರು ಆಜ್ಞೆಯ ಮಾತನ್ನು ಜೈನಮುನಿಯ ಬಾಯಲ್ಲಿಯೇ ಇಟ್ಟರು ಎಂಬ ಸಂಗತಿ ಉಳಿಯುತ್ತದೆ.

ಗೃಹಸ್ಥನ ವಿಷಯದಲ್ಲಿ ಶಾಸ್ತ್ರ ಉದಾರವಾಗಿದೆ. ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂಬ ನಾಲ್ಕು ಬಗೆಯ ಹಿಂಸೆಗಳಲ್ಲಿ ಅಣುವ್ರತಿಯು ಸಂಪೂರ್ಣವಾಗಿ ತ್ಯಜಿಸಬೇಕಾದದ್ದು ಸಂಕಲ್ಪೀ ಹಿಂಸೆಯನ್ನು. ಮೇಲೆ ಬಿದ್ದವರನ್ನು ತಡೆಯುವ ವಿರೋಧೀ ಹಿಂಸೆ ಅವನಿಗೆ ಅನಿವಾರ್ಯವಾಗಬಹುದು. ಆದಕಾರಣ ಸಳನ ಮೇಲೆ ಆಕ್ಷೇಪವಿಲ್ಲ. ಮಹಾವ್ರತಿಗಳ ಮಾತು ಬೇರೆ. ಅವರಿಗೆ ಕೃತ, ಕಾರಿತ, ಅನುಮೋದಿತ ಮೂರೂ ವರ್ಜ್ಯ. “ಹೊಯ್” ಎಂಬುದು ಸ್ಪಷ್ಟವಾಗಿ ಕಾರಿತ. ಅಮೃತಚಂದ್ರಾಚಾರ್ಯರು ‘ಪುರುಷಾರ್ಥಸಿದ್ಧ್ಯುಪಾಯ’ದಲ್ಲಿ, ಒಂದು ಕ್ರೂರ ಪ್ರಾಣಿಯನ್ನು ಕೊಂದರೆ ಅನೇಕ ಜೀವಿಗಳ ರಕ್ಷಣೆಯಾಗುತ್ತದೆಂಬ ವಾದವನ್ನೇ ಎತ್ತಿಕೊಂಡು, ಹಾಗೆಂದು ಭಾವಿಸಿ ಹಿಂಸ್ರಜಂತುಗಳನ್ನು ಕೊಲ್ಲಲಾಗದು ಎಂದು ವಿಧಿಸಿದ್ದಾರೆ. ಬೇಲೂರಿನ ಶಾಸನಕ್ಕಿಂತ ಹಿಂದಿನ ಗ್ರಂಥವದು.

ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಪರಂಪರೆಯು ಸಳನ ಗುರುವನ್ನು ಸುದತ್ತರೆಂದು ಕರೆಯುತ್ತದೆ. ವೀರಬಲ್ಲಾಳನ ಆಸ್ಥಾನದ ಜನ್ನನು 1209ರಲ್ಲಿ ರಚಿಸಿದ ‘ಯಶೋಧರ ಚರಿತೆ’ಯ ಆಚಾರ್ಯರ ಹೆಸರೂ ಸುದತ್ತರೇ. ಅಲ್ಲಿಯೂ ದೇವಿಯ ಗುಡಿ, ಅಲ್ಲಿಯೂ ಎತ್ತಿದ ಕತ್ತಿ. ಆದರೆ ಆ ಸುದತ್ತರ ಶಿಷ್ಯರು ತಮ್ಮ ಜನ್ಮಾಂತರಗಳ ಕಥೆ ಹೇಳಿ ಮಾರಿದತ್ತನ ಕತ್ತಿಯನ್ನು ಕೆಳಗಿಳಿಸುತ್ತಾರೆ. ಹಿಟ್ಟಿನ ಕೋಳಿಯನ್ನು ಕಡಿದ ಸಂಕಲ್ಪಮಾತ್ರದಿಂದ ಜನ್ಮಜನ್ಮಾಂತರ ಬಳಲಿದ ಕಥೆ ಅದು. ಒಂದೇ ರಾಜ್ಯದಲ್ಲಿ ಹೊಯ್ಯೆಂದ ಸುದತ್ತರೂ ಹೊಯ್ಯಬೇಡವೆಂಬ ಸುದತ್ತರೂ ಒಟ್ಟಿಗೆ ಬಾಳಿದರು. ಕೇಳುಗರಿಗೆ ಇದು ವಿರೋಧವಾಗಿ ತೋರಲಿಲ್ಲವೇ ಎಂದು ಎಷ್ಟೋ ಸಲ ಯೋಚಿಸಿದ್ದೇನೆ.

ಹುಲಿಯೆಂದು ಹೇಳುವ ಕಥೆಗೆ ಶಿಲ್ಪಿಯು ಕೇಸರವುಳ್ಳ ಸಿಂಹದಂತಹ ಆಕೃತಿಯನ್ನು ಕೊಟ್ಟಿದ್ದಾನೆ. ಮನುಷ್ಯನಿಗಿಂತ ದೊಡ್ಡದಾಗಿಯೂ ಮಾಡಿದ್ದಾನೆ. ಭಯವನ್ನು ಹಿಗ್ಗಿಸದೆ ಶೌರ್ಯ ಹಿಗ್ಗುವುದಿಲ್ಲವಷ್ಟೆ. ಇದೇ ಕಾಲದ ಉದಾಹರಣೆ ಮನೆಯಲ್ಲಿಯೇ ಸಿಕ್ಕಿತು. ರಜೆಗೆ ಬಂದ ಮೊಮ್ಮಕ್ಕಳು 1975ರ ‘ಜಾಸ್’ ಎಂಬ ಇಂಗ್ಲಿಷ್ ಚಿತ್ರವನ್ನು ನೋಡುತ್ತಿದ್ದರು. ಬಿಳಿಯ ಷಾರ್ಕ್ ಮೀನೊಂದು ಸಮುದ್ರಸ್ನಾನಕ್ಕೆ ಬಂದವರನ್ನು ತಿನ್ನುವ ಕಥೆ. ಹುಡುಗನು ಮೀನು ಕಾಣಿಸದಿರುವಾಗಲೇ ಹೆಚ್ಚು ಹೆದರಿಕೆ ಎಂದನು. ನಿಜವೇ, ಯಂತ್ರದ ಮೀನು ಪದೇಪದೇ ಕೆಟ್ಟುದರಿಂದ ನಿರ್ದೇಶಕ ಸ್ಪೀಲ್‌ಬರ್ಗ್ ಅದನ್ನು ಮಿತವಾಗಿ ತೋರಿಸಬೇಕಾಯಿತಂತೆ. ನೋಡಿದ ಲಕ್ಷಾಂತರ ಜನ ನೀರಿಗಿಳಿಯಲು ಅಂಜಿದರು. ಕೆಲವರು ಷಾರ್ಕ್ ಬೇಟೆಗೇ ಹೊರಟರು. ಮೂಲ ಕಾದಂಬರಿ ಬರೆದ ಪೀಟರ್ ಬೆಂಚ್ಲಿ ಮುಂದೆ ಪಶ್ಚಾತ್ತಾಪಪಟ್ಟು, 2006ರಲ್ಲಿ ತೀರಿಕೊಳ್ಳುವವರೆಗೂ ಆ ಮೀನುಗಳ ರಕ್ಷಣೆಗಾಗಿ ದುಡಿದರು. ಸ್ಪೀಲ್‌ಬರ್ಗ್ ಕೂಡ 2022ರಲ್ಲಿ ರೇಡಿಯೋ ಸಂದರ್ಶನವೊಂದರಲ್ಲಿ ವಿಷಾದ ವ್ಯಕ್ತಪಡಿಸಿದರು. ಪ್ರತಿಕ್ರಮಣವೆಂಬ ಶಬ್ದ ಅವರಿಗೆ ತಿಳಿಯದಿರಬಹುದು, ಮಾಡಿದ್ದು ಅದನ್ನೇ.

ಹಾಸನ ಸೀಮೆಯಲ್ಲಿ ಇದು ಪರದೆಯ ಮೇಲಿನ ಮಾತಲ್ಲ. ಅರಸೀಕೆರೆಯ ಗುಡ್ಡಗಳಲ್ಲಿ ಚಿರತೆ, ಬೇಲೂರು ಆಲೂರುಗಳ ಕಾಫಿ ತೋಟಗಳಲ್ಲಿ ಆನೆ. ಎಂಟು ವರ್ಷ ಮೈಸೂರಿನ ಅಂಬಾರಿ ಹೊತ್ತ ಅರ್ಜುನನು 2023ರ ಡಿಸೆಂಬರಿನಲ್ಲಿ ಸಕಲೇಶಪುರ ತಾಲೂಕಿನಲ್ಲಿ ಕಾಡಾನೆಯೊಡನೆ ಸೆಣಸಿ ಸತ್ತನು. ಕೂಲಿಗೆ ಹೋದವರು ಹೆಣವಾಗಿ ಮನೆಗೆ ಬರುವ ಊರುಗಳಲ್ಲಿ, ಪೇಟೆಯಲ್ಲಿ ಕುಳಿತು ಅಹಿಂಸೆಯನ್ನು ಬರೆಯುವವನು ಸ್ವಲ್ಪ ತಗ್ಗಿದ ದನಿಯಲ್ಲಿ ಬರೆಯಬೇಕು.

ಈ ವಿಚಾರವೆಲ್ಲ ಎದ್ದದ್ದು ಒಂದು ಗೋಡೆಯ ಕಾರಣದಿಂದ. ಸಮೀಪದ ಬಸದಿಯೊಂದರ ಟ್ರಸ್ಟಿನವರು ಹೊಸ ಪ್ರವಚನ ಮಂದಿರದಲ್ಲಿ “ಹೊಯ್ ಸಳ” ಚಿತ್ರವನ್ನು ಬರೆಯಿಸಲು ನಿಶ್ಚಯಿಸಿ ನನ್ನ ಅಭಿಪ್ರಾಯ ಕೇಳಿದರು. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ವಿಶ್ವ ಪರಂಪರೆಯ ಪಟ್ಟಿ ಸೇರಿದ ಮೇಲೆ, ಈ ರಾಜ್ಯವನ್ನು ಸ್ಥಾಪಿಸಿದ್ದು ಜೈನಗುರು ಎಂದು ಲೋಕಕ್ಕೆ ಹೇಳಬೇಕೆಂಬುದು ಅವರ ಆಶಯ; ನ್ಯಾಯವಾದದ್ದೇ. ಹಳೇಬೀಡಿಗೆ ಬಂದವರಲ್ಲಿ ಎಷ್ಟು ಮಂದಿ ಹೊಯ್ಸಳೇಶ್ವರದಿಂದ ಅಷ್ಟೇ ಹತ್ತಿರದ ಬಸ್ತಿಹಳ್ಳಿಗೆ ಬಂದು, ಗಂಗರಾಜನ ಮಗ ಬೊಪ್ಪನು 1133ರಲ್ಲಿ ಕಟ್ಟಿಸಿದ ಪಾರ್ಶ್ವನಾಥ ಬಸದಿಯನ್ನು ನೋಡುತ್ತಾರೆ? ಅಲ್ಲಿ ಸರ್ಪವು ಸ್ವಾಮಿಗೆ ಹೆಡೆಯನ್ನು ಕೊಡೆಯಾಗಿ ಹಿಡಿದಿದೆ.

ನಾನು ಬೇರೊಂದು ಚಿತ್ರವನ್ನು ಸೂಚಿಸಿದೆನು. ವರ್ಧಮಾನ ಸ್ವಾಮಿಯ ಜೀವವು ಹಿಂದೊಂದು ಭವದಲ್ಲಿ ಸಿಂಹವಾಗಿದ್ದು ಜಿಂಕೆಯನ್ನು ಹಿಡಿದಿರಲು, ಇಬ್ಬರು ಚಾರಣಮುನಿಗಳು ಆಕಾಶದಿಂದ ಇಳಿದು ಅದಕ್ಕೆ ಧರ್ಮ ಹೇಳಿದರು. ಸಿಂಹವು ಕಣ್ಣೀರಿಟ್ಟು ವ್ರತ ಹಿಡಿಯಿತು. ಸಿಂಹವೇ ಸ್ವಾಮಿಯ ಲಾಂಛನವೂ ಹೌದು. ಟ್ರಸ್ಟಿನ ಹಿರಿಯರೊಬ್ಬರು, “ಅದು ಎಲ್ಲ ಊರಿನ ಕಥೆ, ಸಳ ನಮ್ಮ ಊರಿನವನು” ಎಂದರು. ಹಾಗಾದರೆ ಹುಲಿ ಬರುವುದಕ್ಕೆ ಮುಂಚಿನ ಗಳಿಗೆಯನ್ನು, ಗುರುಶಿಷ್ಯರು ಪಾಠ ನಡೆಸುತ್ತಿರುವುದನ್ನು ಬರೆಯಿಸಿರೆಂದೆನು. ಹುಲಿಯಿಲ್ಲದಿದ್ದರೆ ಅದು ಸಳನೆಂದು ಯಾರೂ ಗುರುತಿಸರು ಎಂದು ಚಿತ್ರಕಾರನೇ ಹೇಳಿದನು. ಅವನ ಮಾತಿನಲ್ಲಿಯೂ ತಥ್ಯವಿದೆ. ಗೋಡೆಗೆ ಸದ್ಯಕ್ಕೆ ಸುಣ್ಣ ಬಳಿದು ಬಿಟ್ಟಿದ್ದಾರೆ. ಮುಂದಿನ ಸಭೆ ಚಾತುರ್ಮಾಸದ ನಂತರ.