ಆಟಿಕೆ ಉಗಿಯಂತ್ರಕ್ಕೆ ವೇಗದ ಕಡಿವಾಣ: ಕವಾಟ ಎಲ್ಲಿರಬೇಕು?

ಸಂಪಿಗೆ: ಬೆಂಗಳೂರು–ಅರಸೀಕೆರೆ ರೈಲುಮಾರ್ಗದಲ್ಲಿ ಗುಬ್ಬಿ ಮತ್ತು ತಿಪಟೂರುಗಳ ನಡುವೆ 'ಸಂಪಿಗೆ ರೋಡ್' ಎಂಬ ಸಣ್ಣ ನಿಲ್ದಾಣವಿದೆ. 1990ರ ದಶಕದಲ್ಲಿ ಬ್ರಾಡ್‌ಗೇಜ್ ಆಗುವ ಮೊದಲು ಇದು ಮೀಟರ್‌ಗೇಜ್ ಮಾರ್ಗವಾಗಿತ್ತು. ತೆಂಗಿನ ತೋಟಗಳ ನಡುವೆ ಹೊಗೆಯುಗುಳುತ್ತಾ ಸಾಗುತ್ತಿದ್ದ ಉಗಿಬಂಡಿಗಳನ್ನು ಕಂಡ ಹಿರಿಯರು ಈ ಭಾಗದಲ್ಲಿ ಇಂದಿಗೂ ಇದ್ದಾರೆ. ಆ ಬಂಡಿಯ ಚಾಲಕನ ಕೈಯಲ್ಲಿ ಮುಖ್ಯವಾಗಿ ಎರಡು ಹಿಡಿಕೆಗಳಿರುತ್ತಿದ್ದವು. ಒಂದು, ಉಗಿಯ ಹರಿವನ್ನು ಹೆಚ್ಚು ಕಡಿಮೆ ಮಾಡುವ ರೆಗ್ಯುಲೇಟರ್. ಇನ್ನೊಂದು, ಬಂಡಿಯನ್ನು ಮುಂದಕ್ಕೋ ಹಿಂದಕ್ಕೋ ಚಲಿಸುವಂತೆ ಮಾಡುವ ರಿವರ್ಸರ್.

ಅಂಗಡಿಯಲ್ಲಿ ದೊರೆಯುವ ಅಥವಾ ಶಾಲಾ ವಿಜ್ಞಾನ ವಸ್ತುಪ್ರದರ್ಶನಕ್ಕಾಗಿ ತಯಾರಾಗುವ ಅಗ್ಗದ ಆಟಿಕೆ ಉಗಿಯಂತ್ರಗಳಲ್ಲಿ ಸಾಮಾನ್ಯವಾಗಿ ಈ ಎರಡೂ ಇರುವುದಿಲ್ಲ. ದೀಪ ಹಚ್ಚಿದರೆ ಓಡುತ್ತದೆ, ಆರಿಸಿದರೆ ಸ್ವಲ್ಪ ಹೊತ್ತಿನ ನಂತರ ನಿಲ್ಲುತ್ತದೆ. ಇಂತಹ ಯಂತ್ರಕ್ಕೆ ವೇಗ ನಿಯಂತ್ರಣ ಅಳವಡಿಸುವುದು ಕಷ್ಟದ ಕೆಲಸವಲ್ಲ. ಆದರೆ ತಪ್ಪು ಸ್ಥಳದಲ್ಲಿ ಅಳವಡಿಸಿದ ಒಂದು ತಿರುಪು ಆಟಿಕೆಯನ್ನು ಬಾಂಬನ್ನಾಗಿ ಮಾಡಬಲ್ಲದು.

ಅತಿವೇಗಕ್ಕೆ ಕಾರಣ

ಬಹುತೇಕ ಸರಳ ಆಟಿಕೆಗಳಲ್ಲಿರುವುದು ತೂಗಾಡುವ ಸಿಲಿಂಡರ್. ಪಿಸ್ಟನ್ ಹಿಂದೆ ಮುಂದೆ ಸರಿಯುವಾಗ ಸಿಲಿಂಡರ್ ತಾನೇ ಒಂದು ಕೀಲಿನ ಮೇಲೆ ಅತ್ತಿತ್ತ ವಾಲುತ್ತದೆ. ಹೀಗೆ ವಾಲಿದಾಗ ಅದರ ರಂಧ್ರವು ಒಮ್ಮೆ ಉಗಿ ಬರುವ ರಂಧ್ರಕ್ಕೂ ಇನ್ನೊಮ್ಮೆ ಉಗಿ ಹೊರಹೋಗುವ ರಂಧ್ರಕ್ಕೂ ಎದುರಾಗುತ್ತದೆ. ಪ್ರತ್ಯೇಕ ವಾಲ್ವ್ ಬೇಕಿಲ್ಲ. ಸಿಲಿಂಡರನ್ನು ಫಲಕಕ್ಕೆ ಒತ್ತಿ ಹಿಡಿಯುವುದು ಒಂದು ಸ್ಪ್ರಿಂಗ್.

ಇಂತಹ ಯಂತ್ರಕ್ಕೆ ಹೊರೆಯೇ ಇಲ್ಲದಿದ್ದರೆ, ಘರ್ಷಣೆ ಮತ್ತು ಕಿರಿದಾದ ರಂಧ್ರಗಳ ಅಡಚಣೆ ತಡೆಯುವವರೆಗೂ ಅದರ ವೇಗ ಏರುತ್ತಲೇ ಹೋಗುತ್ತದೆ. ಅಂತಿಮ ಮಿತಿಯನ್ನು ಹಾಕುವುದು ಬಾಯ್ಲರ್. ದೀಪದಿಂದ ನೀರಿಗೆ 100 ವ್ಯಾಟ್‌ನಷ್ಟು ಶಾಖ ಸೇರುತ್ತದೆ ಎಂದಿಟ್ಟುಕೊಳ್ಳೋಣ. ಕುದಿಯುವ ಒಂದು ಗ್ರಾಂ ನೀರು ಉಗಿಯಾಗಲು ಸುಮಾರು 2,257 ಜೌಲ್ ಶಾಖ ಬೇಕು. ಅಂದರೆ ನಿಮಿಷಕ್ಕೆ ಎರಡೂವರೆ ಗ್ರಾಂನಷ್ಟು ಉಗಿ ಮಾತ್ರ ಹುಟ್ಟುತ್ತದೆ. ವಾತಾವರಣದ ಒತ್ತಡಕ್ಕಿಂತ 1 ಬಾರ್ ಹೆಚ್ಚಿನ ಒತ್ತಡದಲ್ಲಿ ಇದರ ಗಾತ್ರ ಎರಡು ಲೀಟರ್‌ಗಿಂತ ತುಸು ಹೆಚ್ಚು. 10 ಮಿ.ಮೀ. ಅಗಲ, 20 ಮಿ.ಮೀ. ಓಟದ ಸಿಲಿಂಡರ್ ಪ್ರತಿ ಸುತ್ತಿಗೆ ಸುಮಾರು 1.6 ಮಿ.ಲೀ. ಉಗಿಯನ್ನು ನುಂಗುತ್ತದೆ. ಲೆಕ್ಕಾಚಾರದ ಪ್ರಕಾರ ನಿಮಿಷಕ್ಕೆ 1,400 ಸುತ್ತು ಸಾಧ್ಯ. ತಣ್ಣನೆಯ ಲೋಹಕ್ಕೆ ತಗುಲಿ ಬಹುಪಾಲು ಉಗಿ ನೀರಾಗುವುದರಿಂದ ವಾಸ್ತವದಲ್ಲಿ ಇದಕ್ಕಿಂತ ಬಹಳ ಕಡಿಮೆ.

ದೀಪವನ್ನು ಕುಗ್ಗಿಸಿದರೆ ಸಾಲದೇ ಎಂಬ ಪ್ರಶ್ನೆ ಸಹಜ. ಬತ್ತಿ ತಗ್ಗಿಸಿದ ಕೂಡಲೇ ಯಂತ್ರ ನಿಧಾನವಾಗುವುದಿಲ್ಲ. ಬಾಯ್ಲರ್‌ನ ನೀರಿನಲ್ಲಿ ಶಾಖ ಸಂಗ್ರಹವಾಗಿರುತ್ತದೆ. ಒತ್ತಡ ಇಳಿಯುತ್ತಿದ್ದಂತೆ ಆ ನೀರು ತಾನಾಗಿಯೇ ಕುದಿದು ಮತ್ತಷ್ಟು ಉಗಿ ಕೊಡುತ್ತದೆ. ದೀಪ ದೊಡ್ಡದು ಮಾಡಿದಾಗಲೂ ಅಷ್ಟೇ ವಿಳಂಬ. ಸೌದೆ ಒಲೆಯ ಮೇಲೆ ಅಡುಗೆ ಮಾಡಿದವರಿಗೆ ಇದನ್ನು ವಿವರಿಸಬೇಕಿಲ್ಲ.

ಸೂಜಿ ಕವಾಟ

ತಕ್ಷಣದ ನಿಯಂತ್ರಣ ಬೇಕಾದರೆ ಬಾಯ್ಲರ್‌ನಿಂದ ಸಿಲಿಂಡರ್‌ಗೆ ಹೋಗುವ ಕೊಳವೆಯಲ್ಲಿ ಕವಾಟ ಇರಬೇಕು. ಆಟಿಕೆಗೆ ಹೊಂದುವುದು ಸೂಜಿ ಕವಾಟ. ಪೆಟ್ರೋಮ್ಯಾಕ್ಸ್ ದೀಪದ ಸೂಜಿಯನ್ನು ಕಂಡವರಿಗೆ ಇದರ ರೂಪ ಹೊಳೆದೀತು. ಹಿತ್ತಾಳೆಯ ಸಣ್ಣ ತುಂಡಿನಲ್ಲಿ ಸುಮಾರು 1 ಮಿ.ಮೀ. ರಂಧ್ರ, ಅದರೊಳಕ್ಕೆ ಇಳಿಯುವಂತೆ ತುದಿಯನ್ನು ಚೂಪಾಗಿ ಅರೆದ 3 ಮಿ.ಮೀ. ತಿರುಪು ಇಷ್ಟೇ ಇದರ ರಚನೆ. ಈ ಅಳತೆಯ ಸಾಮಾನ್ಯ ತಿರುಪು ಒಂದು ಸುತ್ತಿಗೆ ಅರ್ಧ ಮಿಲಿಮೀಟರ್ ಮಾತ್ರ ಸರಿಯುವುದರಿಂದ ವೇಗವನ್ನು ನವಿರಾಗಿ ಬದಲಿಸಬಹುದು. ತುದಿ ಎಷ್ಟು ನೀಳವಾಗಿ ಇಳಿಜಾರಾಗಿದ್ದರೆ ನಿಯಂತ್ರಣ ಅಷ್ಟು ಹದವಾಗಿರುತ್ತದೆ. ತಿರುಪಿನ ಸುತ್ತ ಉಗಿ ಸೋರದಂತೆ ಟೆಫ್ಲಾನ್ ಟೇಪಿನ ಎಳೆಯನ್ನು ಬಿಗಿಯಾಗಿ ಸುತ್ತಬೇಕು. ಮೀನಿನ ತೊಟ್ಟಿಗೆ ಬಳಸುವ ಪ್ಲಾಸ್ಟಿಕ್ ನಲ್ಲಿಯನ್ನು ಎಂದಿಗೂ ಬಳಸಬಾರದು. 120 ಡಿಗ್ರಿ ಸೆಲ್ಸಿಯಸ್ ಉಗಿಗೆ ಅದು ಮೆತ್ತಗಾಗಿ ಕಳಚಿಕೊಳ್ಳುತ್ತದೆ.

ಇನ್ನು ಅತ್ಯಂತ ಮುಖ್ಯವಾದ ವಿಷಯ. ಕವಾಟವನ್ನು ಮುಚ್ಚಿದಾಗ ಉಗಿ ಖರ್ಚಾಗುವುದಿಲ್ಲ, ಆದರೆ ದೀಪ ಉರಿಯುತ್ತಲೇ ಇರುತ್ತದೆ. ಬಾಯ್ಲರ್‌ನೊಳಗೆ ಒತ್ತಡ ಏರುತ್ತಾ ಹೋಗುತ್ತದೆ. ವೇಗ ನಿಯಂತ್ರಣವಿಲ್ಲದ ಆಟಿಕೆಯಲ್ಲಿ ಸಿಲಿಂಡರ್‌ನ ಸ್ಪ್ರಿಂಗ್ ಸಡಿಲಗೊಂಡು ಉಗಿ ಸೋರುವುದರಿಂದ ಅದೇ ಒಂದು ಬಗೆಯ ರಕ್ಷಣೆಯಾಗಿತ್ತು. ಕವಾಟ ಹಾಕಿದ ಕ್ಷಣದಿಂದ ಆ ರಕ್ಷಣೆ ಇಲ್ಲವಾಗುತ್ತದೆ. ಆದ್ದರಿಂದ ಸುರಕ್ಷಾ ಕವಾಟವು ಬಾಯ್ಲರ್‌ನ ಮೈಮೇಲೆಯೇ ಇರಬೇಕು. ಬಾಯ್ಲರ್ ಮತ್ತು ಸುರಕ್ಷಾ ಕವಾಟದ ನಡುವೆ ಮುಚ್ಚಬಹುದಾದ ಯಾವ ವಸ್ತುವೂ ಇರಕೂಡದು. ಪ್ರತಿ ಬಾರಿ ದೀಪ ಹಚ್ಚುವ ಮುನ್ನ ಸುರಕ್ಷಾ ಕವಾಟದ ಕಡ್ಡಿಯನ್ನು ಎಳೆದು ಅದು ಸರಾಗವಾಗಿ ಸರಿಯುತ್ತಿದೆಯೇ ಎಂದು ನೋಡಬೇಕು. ಸುರಕ್ಷಾ ಕವಾಟವೇ ಇಲ್ಲದ ಬಾಯ್ಲರ್‌ಗೆ, ಡಬ್ಬಿಯಿಂದ ಮಾಡಿದ ಬಾಯ್ಲರ್‌ಗೆ ವೇಗ ನಿಯಂತ್ರಣದ ಕವಾಟ ಸಲ್ಲದು.

ಮನೆಯ ಪ್ರೆಶರ್ ಕುಕ್ಕರ್‌ನಲ್ಲೂ ಇದೇ ವ್ಯವಸ್ಥೆಯಿದೆ. ಮುಚ್ಚಳದ ಮೇಲಿನ ತೂಕ ಸುಮಾರು 1 ಬಾರ್ ಒತ್ತಡದಲ್ಲಿ ಏಳುತ್ತದೆ. ಅದು ಕಟ್ಟಿಕೊಂಡರೆ ಕರಗಿ ದಾರಿಬಿಡಲು ಪ್ರತ್ಯೇಕ ಸುರಕ್ಷಾ ಬಿರಡೆ ಇರುತ್ತದೆ.

ನೀರು ಪೂರ್ತಿ ಆರಿದರೂ ಅಪಾಯವೇ. ನೀರಿರುವವರೆಗೆ ಬಾಯ್ಲರ್‌ನ ತಗಡು 120 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ನೀರು ಮುಗಿದೊಡನೆ ಶಾಖ ಏರಿ, 183 ಡಿಗ್ರಿಯ ಸುಮಾರಿಗೆ ತವರ–ಸೀಸದ ಬೆಸುಗೆ ಕರಗತೊಡಗುತ್ತದೆ. ವೇಗ ಕಡಿಮೆ ಮಾಡಿ ಹೆಚ್ಚು ಹೊತ್ತು ಓಡಿಸುವ ಹುಮ್ಮಸ್ಸಿನಲ್ಲಿ ಇದು ಮರೆತುಹೋಗುವ ಸಂಭವ ಹೆಚ್ಚು. ಈ ಭಾಗದ ಕೊಳವೆಬಾವಿಗಳ ಗಡಸು ನೀರು ಬಾಯ್ಲರ್‌ನೊಳಗೆ ಸುಣ್ಣದ ಪದರ ಕಟ್ಟಿಸಿ ಸೂಜಿಯ ರಂಧ್ರವನ್ನೂ ಮುಚ್ಚಿಬಿಡುತ್ತದೆ. ಬ್ಯಾಟರಿಗೆ ಹಾಕುವ ಶುದ್ಧ ನೀರು ಅಥವಾ ಸೋಸಿದ ಮಳೆನೀರು ಉತ್ತಮ. ತೆಂಗಿನ ಸೀಮೆಯೆಂದು ಕೊಬ್ಬರಿ ಎಣ್ಣೆಯಿಂದ ಪಿಸ್ಟನ್ ನೆನೆಸುವವರೂ ಉಂಟು. ಅದು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ, ಬಿಸಿ ಉಗಿಯಲ್ಲಿ ತೊಳೆದುಹೋಗುತ್ತದೆ. ಉಗಿಯಂತ್ರಕ್ಕೆಂದೇ ಇರುವ ಮಂದವಾದ ಎಣ್ಣೆ ಬೇರೆಯೇ ಇದೆ.

ಇನ್ನಿತರ ಮಾರ್ಗಗಳು

ಬ್ರಿಟನ್ನಿನ ಮಾಮೋಡ್ ಸಂಸ್ಥೆಯ ಕೆಲವು ಆಟಿಕೆಗಳಲ್ಲಿ ಸಿಲಿಂಡರ್‌ನ ಬಳಿ ತಿರುಗುವ ಫಲಕವೊಂದಿರುತ್ತದೆ. ಅದನ್ನು ಒಂದು ಬದಿಗೆ ಸರಿಸಿದರೆ ಯಂತ್ರ ಮುಂದಕ್ಕೆ, ಇನ್ನೊಂದು ಬದಿಗೆ ಹಿಂದಕ್ಕೆ, ನಡುವೆ ನಿಲ್ಲಿಸಿದರೆ ಸ್ತಬ್ಧ. ನಡುವಿನಿಂದ ಸ್ವಲ್ಪವೇ ಸರಿಸಿದಾಗ ರಂಧ್ರ ಅರೆತೆರೆದು ವೇಗ ತಗ್ಗುತ್ತದೆ. ಒಂದೇ ಹಿಡಿಕೆಯಲ್ಲಿ ರೈಲು ಚಾಲಕನ ಎರಡೂ ಹಿಡಿಕೆಗಳ ಕೆಲಸ ನಡೆಯುವ ಈ ಉಪಾಯ ಜಾಣತನದ್ದು. ಆದರೆ ಮನೆಯಲ್ಲಿ ತಯಾರಿಸಲು ಲೇತ್ ಮತ್ತು ತಾಳ್ಮೆ ಎರಡೂ ಬೇಕು.

ಹೊರೆಯ ಮೂಲಕ ನಿಯಂತ್ರಿಸುವುದು ಇನ್ನೂ ಸುಲಭ. ಹಳೆಯ ಟೇಪ್‌ರೆಕಾರ್ಡರ್‌ನ ಸಣ್ಣ ಮೋಟಾರನ್ನು ದಾರದ ಪಟ್ಟಿಯಿಂದ ಯಂತ್ರಕ್ಕೆ ಜೋಡಿಸಿದರೆ ಅದು ಡೈನಮೋ ಆಗಿ ವರ್ತಿಸುತ್ತದೆ. ಅದರ ತಂತಿಗಳಿಗೆ ಹೆಚ್ಚು ಬಲ್ಬ್‌ಗಳನ್ನು ಸೇರಿಸಿದಷ್ಟೂ ಯಂತ್ರ ನಿಧಾನವಾಗುತ್ತದೆ. ವಿದ್ಯಾರ್ಥಿಗಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಪ್ರಯೋಗವಿಲ್ಲ. ಭಾರವಾದ ಗಾಲಿಚಕ್ರ ವೇಗವನ್ನು ಕಡಿಮೆ ಮಾಡದಿದ್ದರೂ ಯಂತ್ರವು ನಿಲ್ಲದೆ ನಿಧಾನವಾಗಿ ಓಡಲು ನೆರವಾಗುತ್ತದೆ.

ತಾನಾಗಿಯೇ ವೇಗ ಕಾಯ್ದುಕೊಳ್ಳುವ ಗವರ್ನರ್‌ನ ಕಥೆ ಸ್ವಾರಸ್ಯಕರ. ಗಾಳಿಗಿರಣಿಗಳಲ್ಲಿ ಬಳಕೆಯಲ್ಲಿದ್ದ ತಿರುಗುವ ಗುಂಡುಗಳ ತತ್ತ್ವವನ್ನು ಜೇಮ್ಸ್ ವ್ಯಾಟ್ 1788ರಲ್ಲಿ ಉಗಿಯಂತ್ರಕ್ಕೆ ಅಳವಡಿಸಿದ. ವೇಗ ಹೆಚ್ಚಿದಾಗ ಗುಂಡುಗಳು ಹೊರಚಾಚಿ ಕವಾಟವನ್ನು ಮುಚ್ಚುತ್ತವೆ, ತಗ್ಗಿದಾಗ ತೆರೆಯುತ್ತವೆ. ಕೆಲವೊಮ್ಮೆ ವೇಗ ಒಂದೆಡೆ ನಿಲ್ಲದೆ ಏರಿಳಿಯುವುದೇಕೆ ಎಂಬುದನ್ನು ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ 1868ರಲ್ಲಿ ಗಣಿತದಿಂದ ವಿವರಿಸಿದ. ಇಂದಿನ ನಿಯಂತ್ರಣ ಶಾಸ್ತ್ರದ ಆರಂಭಿಕ ಪ್ರಬಂಧಗಳಲ್ಲಿ ಅದೂ ಒಂದು. ಆಟಿಕೆಯ ಗಾತ್ರದಲ್ಲಿ ಮಾತ್ರ ಗುಂಡುಗಳ ಬಲ ಘರ್ಷಣೆಯನ್ನು ಮೀರುವುದು ಕಷ್ಟ. ಹಲವು ಆಟಿಕೆಗಳಲ್ಲಿ ಅವು ಕೇವಲ ಅಲಂಕಾರ.

ಯಾವ ವಿಧಾನವಾದರೂ ಯಂತ್ರವನ್ನು ಮೊದಲು ಕವಾಟ ಪೂರ್ತಿ ತೆರೆದು, ಗಾಲಿಚಕ್ರವನ್ನು ಕೈಯಿಂದ ತಿರುಗಿಸಿ, ಸಿಲಿಂಡರ್ ಬಿಸಿಯಾಗಿ ಒಳಗಿನ ನೀರೆಲ್ಲ ಹೊರಬಂದ ಮೇಲೆಯೇ ವೇಗ ತಗ್ಗಿಸಬೇಕು. ತಣ್ಣನೆಯ ಸಿಲಿಂಡರ್‌ಗೆ ಅಲ್ಪ ಉಗಿ ಬಿಟ್ಟರೆ ಅದು ನೀರಾಗಿ ಯಂತ್ರ ನಿಂತುಬಿಡುತ್ತದೆ. ವೇಗ ಎಣಿಸಲು ಗಾಲಿಚಕ್ರಕ್ಕೆ ಬಿಳಿ ಕಾಗದದ ಚೂರು ಅಂಟಿಸಿ ಮೊಬೈಲ್‌ನಲ್ಲಿ ನಿಧಾನಗತಿಯ ವಿಡಿಯೋ ತೆಗೆದರೆ ಸಾಕು.

1923ರ ಭಾರತೀಯ ಬಾಯ್ಲರ್ ಕಾಯ್ದೆಯ ಸ್ಥಾನದಲ್ಲಿ 2025ರಲ್ಲಿ ಹೊಸ ಕಾಯ್ದೆ ಬಂದಿದ್ದರೂ 25 ಲೀಟರ್‌ಗಿಂತ ಕಡಿಮೆ ಗಾತ್ರದ ಪಾತ್ರೆಗಳು ಅದರ ವ್ಯಾಪ್ತಿಗೆ ಬರುವುದಿಲ್ಲ. ಆಟಿಕೆ ಬಾಯ್ಲರ್ ಹಿಡಿಯುವುದು ಹೆಚ್ಚೆಂದರೆ ಒಂದೆರಡು ಲೋಟ ನೀರು. ಹೀಗಾಗಿ ಅದನ್ನು ಪರೀಕ್ಷಿಸಲು ಯಾವ ಇನ್‌ಸ್ಪೆಕ್ಟರೂ ಬರುವುದಿಲ್ಲ. ಸ್ಪಿರಿಟ್ ದೀಪ ಹಚ್ಚುವಾಗ ಪಕ್ಕದಲ್ಲಿರುವ ಶಿಕ್ಷಕರು ಅಥವಾ ಪೋಷಕರೇ ಆ ಪರೀಕ್ಷೆ ಮಾಡಬೇಕು. ನಿಜವಾದ ರೆಗ್ಯುಲೇಟರ್ ಹಿಡಿಕೆಯನ್ನು ನೋಡಬಯಸುವ ಮಕ್ಕಳನ್ನು 1979ರಲ್ಲಿ ಆರಂಭವಾದ ಮೈಸೂರಿನ ರೈಲು ವಸ್ತುಸಂಗ್ರಹಾಲಯಕ್ಕೆ ಕರೆದೊಯ್ಯಬಹುದು. ಮೀಟರ್‌ಗೇಜ್ ಉಗಿಬಂಡಿಗಳು ಅಲ್ಲಿವೆ.